ಗೇಮಿಂಗ್ ಕಂಪ್ಯೂಟರ್ ತರುವ ಮುನ್ನ ಮನೆಯ ಅರ್ಥಿಂಗ್ ನೋಡಿ

ಮದ್ರಸಕ್ಕೆ ಬರುವ ತಾಯಂದಿರ ಪ್ರಶ್ನೆಗಳಲ್ಲಿ ಇತ್ತೀಚೆಗೆ ಹೊಸದೊಂದು ಸೇರಿಕೊಂಡಿದೆ. "ಉಸ್ತಾದ್, ಹುಡುಗ ಗೇಮಿಂಗ್ ಪಿಸಿ ಬೇಕು ಅಂತ ಊಟ ಬಿಟ್ಟು ಕೂತಿದ್ದಾನೆ. ಒಂದೂವರೆ ಲಕ್ಷ ಅಂತೆ. ಅವನ ಉಪ್ಪ ಜುಬೈಲಿನಿಂದ ಕಳಿಸ್ತೇನೆ ಅಂತಾರೆ. ಕೊಡಿಸಬಹುದಾ?" ಈ ಪ್ರಶ್ನೆಯಲ್ಲಿ ಎರಡು ಪ್ರಶ್ನೆ ಉಂಟು. ಆಟ ಆಡಬಹುದಾ ಎಂಬುದು ಒಂದು. ಅದಕ್ಕೆ ಉತ್ತರ ಹೇಳುವುದು ನಮಗೆಲ್ಲ ಅಭ್ಯಾಸ. ಆ ಒಂದೂವರೆ ಲಕ್ಷ ನಿಜವಾಗಿ ಬೇಕಾ ಎಂಬುದು ಇನ್ನೊಂದು. ಅದಕ್ಕೆ ಉತ್ತರ ಕೊಡುವವರು ಕಡಿಮೆ. ಅಂಗಡಿಯವನನ್ನು ಕೇಳಿದರೆ ಬೇಕು ಅಂತಾನೆ. ಹುಡುಗನನ್ನು ಕೇಳಿದರೆ ಎರಡು ಲಕ್ಷವಾದರೆ ಇನ್ನೂ ಒಳ್ಳೆಯದು ಅಂತಾನೆ. ಗಲ್ಫಿನಲ್ಲಿ ಉರಿಬಿಸಿಲಲ್ಲಿ ದುಡಿಯುವವನಿಗೆ ಮಗನ ಮುಖ ಬಾಡಬಾರದು ಅಂತ ಮಾತ್ರ ಗೊತ್ತು.

ನಮ್ಮಲ್ಲಿ ಓದಿ ಹೋದ ಮಕ್ಕಳಲ್ಲಿ ಕಂಪ್ಯೂಟರ್ ರಿಪೇರಿಯ ಕೆಲಸ ಹಿಡಿದವರಿದ್ದಾರೆ, ಟೂರ್ನಮೆಂಟ್‌ಗಳಲ್ಲಿ ಆಡುವವರೂ ಇದ್ದಾರೆ. ಅವರ ಜೊತೆ ಕೂತು, ಬಿಚ್ಚಿಟ್ಟ ಪೆಟ್ಟಿಗೆಗಳನ್ನು ನೋಡಿ, ಬಿಲ್ಲುಗಳನ್ನು ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಪಿಸಿಯೇ ಬೇಡ ಎನ್ನುವವರಿಗೆ ಈ ಲೇಖನ ಅಲ್ಲ. ಕೊಡಿಸುವುದು ಅಂತ ತೀರ್ಮಾನ ಆಗಿದ್ದರೆ ದುಡ್ಡು ಇಸ್ರಾಫ್ ಆಗದೆ ಇರಲಿ ಅಂತ.

ಮೊದಲು ಹುಡುಗನ ಬಳಿ ಒಂದೇ ಒಂದು ಪ್ರಶ್ನೆ ಕೇಳಿ: ಯಾವ ಆಟ? ಹತ್ತರಲ್ಲಿ ಆರು ಮನೆಗಳಲ್ಲಿ ಉತ್ತರ ಬಿಜಿಎಂಐ ಅಂತ ಬರ್ತದೆ. ಹಾಗಾದರೆ ಮಾತು ಅಲ್ಲಿಗೇ ಮುಗಿಯಿತು. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾದ ಮೇಲೆ 2021ರಲ್ಲಿ ಅದರ ಜಾಗಕ್ಕೆ ಬಂದ ಈ ಆಟ ಮೊಬೈಲಿನದ್ದು, ಅದರ ಅಧಿಕೃತ ಪಂದ್ಯಗಳೂ ಮೊಬೈಲಿನಲ್ಲೇ. ಅದಕ್ಕಾಗಿ ಲಕ್ಷದ ಕಂಪ್ಯೂಟರ್ ತಂದರೆ ಗದ್ದೆ ಉಳಲಿಕ್ಕೆ ದೋಣಿ ತಂದ ಹಾಗೆ. ಫುಟ್ಬಾಲ್ ಹುಚ್ಚಿನ ನಮ್ಮ ಹುಡುಗರು ಇಎ ಸ್ಪೋರ್ಟ್ಸ್ ಎಫ್‌ಸಿ ಅಂದರೆ (ಮೊದಲು ಫಿಫಾ ಅಂತ ಇದ್ದದ್ದು) ಅದಕ್ಕೆ ಮುಖ್ಯವಾಗಿ ಬೇಕಾದದ್ದು ಒಳ್ಳೆಯ ಕಂಟ್ರೋಲರ್. ಮೌಸು, ಕೀಬೋರ್ಡಿನ ಮೇಲೆ ಸುರಿಯುವ ದುಡ್ಡು ದಂಡ. ಕಂಪ್ಯೂಟರ್ ನಿಜವಾಗಿ ಬೇಕಾಗುವುದು ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2, ಡೋಟಾ 2 ಇಂಥವುಗಳಿಗೆ. ಹುಡುಗರೇ ಆಡುವುದು ಅಂತಲೂ ತಿಳಿಯಬೇಡಿ, ಹೆಣ್ಣುಮಕ್ಕಳೂ ಆಡ್ತಾರೆ, ಕೊಡಿಸಿ ಅಂತ ಕೇಳುವುದಿಲ್ಲ ಅಷ್ಟೇ.

ಈಗ ಅಂಗಡಿಯವರು ಹೇಳದ ಒಂದು ವಿಷಯ. ವ್ಯಾಲರಂಟ್ ಆಟವನ್ನು ತಯಾರಿಸಿದ ರಾಯಟ್ ಕಂಪೆನಿ ತನ್ನ ಆಟಕ್ಕೆ ಎಂಥ ಕಂಪ್ಯೂಟರ್ ಬೇಕು ಅಂತ ತಾನೇ ಪ್ರಕಟಿಸಿದೆ. ಸೆಕೆಂಡಿಗೆ 144 ಚಿತ್ರ, ಅಂದರೆ ಪಂದ್ಯ ಆಡುವ ಮಟ್ಟಕ್ಕೆ, ಅದು ಹೇಳುವುದು ಇಂಟೆಲ್ ಐ5-9400ಎಫ್ ಪ್ರೊಸೆಸರ್, ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್, 4 ಜಿಬಿ ರ‍್ಯಾಮ್. ಆ ಕಾರ್ಡು ಬಂದದ್ದು 2016ರಲ್ಲಿ. ಆಗ ಹುಟ್ಟಿದ ಮಗು ಈಗ ನಮ್ಮ ಮದ್ರಸದಲ್ಲಿ ಕೆಳಗಿನ ತರಗತಿಗಳಲ್ಲಿ ಕೂತಿದೆ. ಕಂಪೆನಿ ಹೇಳಿದ್ದು ಕನಿಷ್ಠ ಲೆಕ್ಕ, ಗುಂಡಿನ ಚಕಮಕಿ ಜೋರಾದಾಗ ಚಿತ್ರಗಳ ಸಂಖ್ಯೆ ಇಳೀತದೆ, ಹಾಗಾಗಿ ಸ್ವಲ್ಪ ಮೇಲಿನದ್ದೇ ಬೇಕು ಎಂಬುದು ಸರಿ. ಆದರೆ ಸ್ವಲ್ಪ ಮೇಲಿನದ್ದಕ್ಕೂ ಒಂದೂವರೆ ಲಕ್ಷಕ್ಕೂ ನಡುವೆ ಬಹಳ ವ್ಯತ್ಯಾಸ ಉಂಟು.

ಇಂಥ ಆಟಗಳಲ್ಲಿ ಸೋಲು ಗೆಲುವು ನಿರ್ಧಾರವಾಗುವುದು ಚಿತ್ರದ ಚೆಂದದಿಂದ ಅಲ್ಲ, ವೇಗದಿಂದ. ಆದ್ದರಿಂದ ದೊಡ್ಡ ಆಟಗಾರರೆಲ್ಲ ಚಿತ್ರದ ಗುಣಮಟ್ಟವನ್ನು ಬೇಕೆಂದೇ ಕಡಿಮೆ ಇಟ್ಟುಕೊಂಡು ಆಡ್ತಾರೆ. ನೆರಳು, ಹೊಗೆ, ಎಲೆ ಅಲುಗಾಡುವುದು ಎಲ್ಲ ಬಂದ್. ಈ ಒಂದು ಮಾತು ತಲೆಗೆ ಹೋದರೆ ಉಳಿದದ್ದು ತಾನಾಗಿ ಅರ್ಥ ಆಗ್ತದೆ. ಚಿತ್ರದ ಚೆಂದ ನೋಡಿಕೊಳ್ಳುವುದು ಗ್ರಾಫಿಕ್ಸ್ ಕಾರ್ಡು. ಚೆಂದವೇ ಬೇಡ ಅಂದ ಮೇಲೆ ಅದರ ಕೆಲಸ ಅರ್ಧ ಇಳಿಯಿತು. ಕೆಲಸದ ಭಾರ ಹೋಗುವುದು ಪ್ರೊಸೆಸರಿಗೆ. ಆದರೆ ನಮ್ಮ ಅಂಗಡಿಗಳಲ್ಲಿ ಕೊಡುವ 'ಗೇಮಿಂಗ್ ಬಿಲ್ಡ್'ನಲ್ಲಿ ಬಜೆಟಿನ ಅರ್ಧ ಕಾರ್ಡಿಗೆ, ಮಿಕ್ಕಿದ್ದರಲ್ಲಿ ಒಂದು ಪಾಲು ಗಾಜಿನ ಪೆಟ್ಟಿಗೆಗೂ ಬಣ್ಣದ ಲೈಟಿಗೂ. ಕೊನೆಗೆ ಉಳಿದ ಚಿಲ್ಲರೆಯಲ್ಲಿ 60 ಹರ್ಟ್ಸ್‌ನ ಒಂದು ಮಾನಿಟರ್. ಇದು ತಲೆಕೆಳಗಾದ ಲೆಕ್ಕ.

ಮಾನಿಟರಿನಿಂದ ಶುರು ಮಾಡಿ. 60 ಹರ್ಟ್ಸ್ ಅಂದರೆ ಪರದೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸ್ತದೆ. ಒಂದು ಚಿತ್ರ ಸುಮಾರು 16.7 ಮಿಲಿಸೆಕೆಂಡ್ ನಿಲ್ತದೆ. 144 ಹರ್ಟ್ಸ್ ಆದರೆ ಸುಮಾರು 7 ಮಿಲಿಸೆಕೆಂಡ್, 240 ಆದರೆ 4ಕ್ಕಿಂತ ತುಸು ಹೆಚ್ಚು. ಮೂಲೆಯಿಂದ ಎದುರಾಳಿ ತಲೆ ಹಾಕಿದಾಗ ಅದು ಒಬ್ಬನಿಗೆ ಮೊದಲು, ಇನ್ನೊಬ್ಬನಿಗೆ ಆಮೇಲೆ ಕಾಣುವುದು ಹೀಗೆ. 60ರಿಂದ 144ಕ್ಕೆ ಹೋದಾಗ ಸಿಗುವ ಲಾಭ ದೊಡ್ಡದು, ಸುಮಾರು 10 ಮಿಲಿಸೆಕೆಂಡ್. 144ರಿಂದ 240ಕ್ಕೆ ಹೋದರೆ ಸಿಗುವುದು 3 ಮಿಲಿಸೆಕೆಂಡಿಗಿಂತಲೂ ಕಡಿಮೆ. ಕಲಿಯುವ ಹುಡುಗನಿಗೆ 24 ಇಂಚಿನ, 1080ಪಿಯ 144 ಅಥವಾ 165 ಹರ್ಟ್ಸ್ ಮಾನಿಟರ್ ಧಾರಾಳ ಸಾಕು. ಬಾಗಿದ ಪರದೆ, 4ಕೆ ಅಂತ ಆಸೆ ಹುಟ್ಟಿಸಿದರೆ ಬೇಡ ಅನ್ನಿ. 4ಕೆಯಲ್ಲಿ 1080ಪಿಯ ನಾಲ್ಕು ಪಟ್ಟು ಚುಕ್ಕೆಗಳು ಇರ್ತವೆ, ಅಷ್ಟನ್ನು ತುಂಬಿಸಲಿಕ್ಕೆ ಮತ್ತೆ ದುಬಾರಿ ಕಾರ್ಡೇ ಬೇಕಾಗ್ತದೆ.

ಪ್ರೊಸೆಸರ್ ವಿಷಯಕ್ಕೆ ಬಂದರೆ, ಎಎಂಡಿಯ ರೈಝನ್ 5 5600 ಅಥವಾ ಇಂಟೆಲ್‌ನ ಐ5-12400ಎಫ್ ಈ ಮಟ್ಟಕ್ಕೆ ಬೇಕಾದಷ್ಟಾಯಿತು. ಎರಡರಲ್ಲೂ ಆರು ಕೋರ್. ಎರಡೂ 2022ರಲ್ಲಿ ಮಾರುಕಟ್ಟೆಗೆ ಬಂದವು, ಹಳತು ಅಂತ ಹುಡುಗ ಮೂಗು ಮುರಿಯಬಹುದು, ಮುರಿಯಲಿ. ಎಎಂಡಿಯ 'ಎಕ್ಸ್3ಡಿ' ಅಂತ ಕೊನೆಯಾಗುವ ಪ್ರೊಸೆಸರ್‌ಗಳು ಒಳಗೆ ಹೆಚ್ಚು ಕ್ಯಾಶ್ ಮೆಮೊರಿ ಇರುವುದರಿಂದ ಕೌಂಟರ್ ಸ್ಟ್ರೈಕಿನಂಥ ಆಟಗಳಲ್ಲಿ ಎದ್ದು ಕಾಣುವಷ್ಟು ಮುಂದೆ ಇವೆ, ದೊಡ್ಡ ತಂಡದ ಆಟಗಾರರು ಅದನ್ನೇ ಬಯಸ್ತಾರೆ. ಅದು ಆಮೇಲಿನ ಮಾತು. ಇನ್ನೊಂದು ದಾರಿ ಉಂಟು, ಅದು ನಮಗೆ ಬಹಳ ಇಷ್ಟವಾದದ್ದು: ರೈಝನ್ 5 5600ಜಿಯಂಥ, ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರ್ ತಗೊಂಡು ಕಾರ್ಡೇ ಇಲ್ಲದೆ ಶುರು ಮಾಡುವುದು. ವ್ಯಾಲರಂಟ್ ಅದರಲ್ಲಿ ಚೆನ್ನಾಗಿಯೇ ಓಡ್ತದೆ. ಒಂದು ವರ್ಷ ನೋಡಿ. ಹುಡುಗನ ಆಸಕ್ತಿ ಉಳಿದರೆ, ಪರೀಕ್ಷೆಯಲ್ಲಿ ಜಾರದಿದ್ದರೆ, ಆಗ ಕಾರ್ಡು ಸೇರಿಸಬಹುದು. ಆಸಕ್ತಿ ಇಳಿದರೆ ಮನೆಯಲ್ಲಿ ಒಂದು ಒಳ್ಳೆಯ ಕಂಪ್ಯೂಟರ್ ಉಳಿಯಿತು, ತಂಗಿಯ ಪ್ರಾಜೆಕ್ಟಿಗೆ ಆಯಿತು. ಎಫ್ ಅಕ್ಷರ ಇರುವ ಇಂಟೆಲ್ ಪ್ರೊಸೆಸರಿನಲ್ಲಿ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ ಎಂಬುದು ನೆನಪಿರಲಿ, ಅದಕ್ಕೆ ಕಾರ್ಡು ಕಡ್ಡಾಯ.

ರ‍್ಯಾಮ್ 16 ಜಿಬಿ ಇರಲಿ, ಆದರೆ 16ರ ಒಂದೇ ಕಡ್ಡಿ ಬೇಡ, 8ರ ಎರಡು ಕಡ್ಡಿ. ಎರಡು ಇದ್ದರೆ ಎರಡು ಬಾಗಿಲಿನಿಂದ ಒಟ್ಟಿಗೆ ಸಾಮಾನು ಸಾಗಿಸಿದ ಹಾಗೆ. ಕಾರ್ಡಿಲ್ಲದ 5600ಜಿಯಲ್ಲಂತೂ ಇದರಿಂದ ಆಗುವ ವ್ಯತ್ಯಾಸ ಬರಿಗಣ್ಣಿಗೆ ಕಾಣ್ತದೆ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿರುವ ಕಾರಣ ರ‍್ಯಾಮಿನ ಬೆಲೆ ವಿಪರೀತ ಏರಿದೆ, ಅಂಗಡಿಯವನು ಸುಳ್ಳು ಹೇಳುತ್ತಿದ್ದಾನೆ ಅಂತ ಜಗಳಕ್ಕೆ ಹೋಗಬೇಡಿ. ಎಸ್‌ಎಸ್‌ಡಿ 512 ಜಿಬಿಗಿಂತ ಕಡಿಮೆ ಬೇಡ, ಕೌಂಟರ್ ಸ್ಟ್ರೈಕ್ 2 ಒಂದಕ್ಕೇ 85 ಜಿಬಿ ಜಾಗ ಬೇಕು ಅಂತ ಕಂಪೆನಿಯೇ ಹೇಳ್ತದೆ. ಮೌಸು ಹಗುರ ಇರಲಿ, ಮೌಸ್ ಪ್ಯಾಡ್ ಬಟ್ಟೆಯದ್ದು, ಅಗಲವಾಗಿರಲಿ. ಹೆಡ್‌ಫೋನ್ ವಯರಿನದ್ದು, ಬ್ಲೂಟೂತಿನಲ್ಲಿ ಶಬ್ದ ತಡವಾಗಿ ಬರ್ತದೆ, ಎದುರಾಳಿಯ ಹೆಜ್ಜೆ ಸಪ್ಪಳ ಕೇಳುವಷ್ಟರಲ್ಲಿ ಆಟ ಮುಗಿದಿರ್ತದೆ. ಕೀಬೋರ್ಡು ಯಾವುದಾದರೂ ನಡೀತದೆ. ಹತ್ತಿಪ್ಪತ್ತು ಸಾವಿರದ ಕೀಬೋರ್ಡುಗಳಲ್ಲಿ ಎರಡು ಕೀಲಿಗಳ ಕೆಲಸವನ್ನು ತಾನೇ ಸರಿಪಡಿಸಿಕೊಡುವ ಸೌಲಭ್ಯವೊಂದನ್ನು ದೊಡ್ಡದಾಗಿ ಹೇಳಿ ಮಾರ್ತಾರೆ. ಕೌಂಟರ್ ಸ್ಟ್ರೈಕಿನ ಒಡೆಯರಾದ ವಾಲ್ವ್ ಕಂಪೆನಿ 2024ರ ಆಗಸ್ಟ್‌ನಲ್ಲಿ ಅದನ್ನು ತನ್ನ ಅಧಿಕೃತ ಸರ್ವರ್‌ಗಳಲ್ಲಿ ನಿಷೇಧಿಸಿತು. ದುಡ್ಡು ಕೊಟ್ಟು ಆಟದಿಂದ ಹೊರಹಾಕಿಸಿಕೊಳ್ಳುವುದು ಅಂದರೆ ಇದೇ.

ಇಷ್ಟು ದೆಹಲಿಯವರಿಗೂ ಒಂದೇ, ನಮಗೂ ಒಂದೇ. ನಮ್ಮ ಕರಾವಳಿಗೆ ಮಾತ್ರ ಸಂಬಂಧಿಸಿದ್ದು ಇನ್ನು ಬರ್ತದೆ. ನಿಜವಾದ ನಷ್ಟ ಆಗುವುದು ಇಲ್ಲೇ.

ನಮ್ಮ ಮೊಹಲ್ಲಾದ ಒಂದು ಮನೆಯಲ್ಲಿ ಉಮ್ಮನ ಎರಡು ಬಳೆ ಮಾರಿ ತಂದ ಪಿಸಿ ಮೇ ತಿಂಗಳ ಒಂದು ಸಂಜೆಯ ಸಿಡಿಲಿಗೆ ಹೋಯಿತು. ಮದರ್‌ಬೋರ್ಡು, ಗ್ರಾಫಿಕ್ಸ್ ಕಾರ್ಡು ಎರಡೂ. ಸಿಡಿಲಿನ ಹಾನಿಗೆ ವಾರಂಟಿ ಇಲ್ಲ ಅಂದರು, ಅದು ನಿಯಮವೇ ಹೌದು. ಬಿಚ್ಚಿ ನೋಡಿದ ಹುಡುಗ ಹೇಳಿದ್ದು, ಆ ಮನೆಯ ಮೂರು ಪಿನ್ನಿನ ಸಾಕೆಟ್ಟಿನಲ್ಲಿ ಮೇಲಿನ ದೊಡ್ಡ ತೂತಿಗೆ ವಯರೇ ಕೊಟ್ಟಿರಲಿಲ್ಲ. ಹತ್ತು ವರ್ಷ ಫ್ರಿಜ್ಜು, ಮಿಕ್ಸಿ ಎಲ್ಲ ನಡೆದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಪಿಸಿಯ ಲೋಹದ ಪೆಟ್ಟಿಗೆಯನ್ನು ಬರಿಗಾಲಲ್ಲಿ ನಿಂತು ಮುಟ್ಟಿದಾಗ ಜುಂ ಅಂದರೆ ಅರ್ಥಿಂಗ್ ಸರಿ ಇಲ್ಲ ಅಂತಲೇ ಲೆಕ್ಕ. ಪಿಸಿ ತರುವ ಮುಂಚೆಯೇ ಎಲೆಕ್ಟ್ರಿಷಿಯನ್‌ನನ್ನು ಕರೆದು ಮೀಟರ್ ಇಟ್ಟು ನೋಡಿಸಿ. ಫೇಸಿಗೂ ಅರ್ಥಿಗೂ ನಡುವೆ, ಫೇಸಿಗೂ ನ್ಯೂಟ್ರಲ್‌ಗೂ ನಡುವೆ ಹೆಚ್ಚುಕಡಿಮೆ ಒಂದೇ ವೋಲ್ಟೇಜ್ ಬರಬೇಕು. ನ್ಯೂಟ್ರಲ್‌ಗೂ ಅರ್ಥಿಗೂ ನಡುವೆ ಎರಡು ಮೂರು ವೋಲ್ಟಿಗಿಂತ ಜಾಸ್ತಿ ಇದ್ದರೆ ಸರಿಪಡಿಸಬೇಕು. ನಮ್ಮದು ಮುರಕಲ್ಲಿನ ಭೂಮಿ. ಮಳೆಗಾಲದಲ್ಲಿ ಒದ್ದೆ ಇದ್ದಾಗ ಅರ್ಥಿಂಗ್ ಚೆನ್ನಾಗಿರ್ತದೆ, ಮಾರ್ಚ್, ಏಪ್ರಿಲ್‌ನಲ್ಲಿ ಒಣಗಿ ಕಲ್ಲಾದಾಗ ಕೈಕೊಡ್ತದೆ. ಸರಿಯಾಗಿ ಸಿಡಿಲು ಬರುವುದೂ ಅದೇ ಹೊತ್ತಿಗೆ, ಮುಂಗಾರಿಗೆ ಮೊದಲು. ಹಾಗಾಗಿ ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ಹಾಕಿಸಿದ್ದರೆ ಸಾಲದು, ಬೇಸಗೆಯಲ್ಲಿ ಆಗಾಗ ಎರಡು ಕೊಡ ನೀರು ಹೊಯ್ಯಬೇಕು. ನಮ್ಮ ಹಿರಿಯರು ಅದರ ಮೇಲೆಯೇ ಬಾಳೆಗಿಡ ನೆಡುತ್ತಿದ್ದದ್ದು ಸುಮ್ಮನೆ ಅಲ್ಲ.

ಗುಡುಗು ಶುರುವಾದರೆ ಸ್ವಿಚ್ಚು ಬಂದ್ ಮಾಡಿ ಸುಮ್ಮನಾಗಬೇಡಿ, ಪ್ಲಗ್ಗನ್ನೇ ಎಳೆದು ಇಡಿ. ರೌಟರಿನಿಂದ ಪಿಸಿಗೆ ಬರುವ ಲ್ಯಾನ್ ಕೇಬಲನ್ನೂ ಎಳೆಯಿರಿ. ಅದು ತಾಮ್ರದ ತಂತಿ, ರೌಟರಿನ ಪ್ಲಗ್ಗಿನಿಂದ ಬಂದ ಸಿಡಿಲು ಅದರ ಮೂಲಕ ಮದರ್‌ಬೋರ್ಡಿಗೆ ಹೋಗ್ತದೆ. ಪಿಸಿಯ ಪ್ಲಗ್ ಎಳೆದಿದ್ದರೂ ಹಾಳಾದವು ಬಹಳಷ್ಟು ಹೀಗೆ. ಫೈಬರಿನ ಎಳೆ ಗಾಜು, ಅದರಲ್ಲಿ ಕರೆಂಟು ಬಾರದು ಎನ್ನುವುದು ಸರಿ, ಆದರೆ ಅದರ ಪೆಟ್ಟಿಗೆಗೂ ಕರೆಂಟಿನ ಅಡಾಪ್ಟರ್ ಇದ್ದೇ ಇರ್ತದಲ್ಲ. ಅದೇ ಲ್ಯಾನ್ ಕೇಬಲನ್ನು ಆಡುವಾಗ ಮಾತ್ರ ಬಿಡಬೇಡಿ. ವೈಫೈಯಲ್ಲಿ ಗೋಡೆ ಎರಡು ದಾಟಿ ಬರುವಾಗ ಪಿಂಗ್ ಏರಿಳೀತದೆ. ವ್ಯಾಲರಂಟ್ ಸರ್ವರ್ ಇರುವುದು ಮುಂಬೈಯಲ್ಲಿ. ಹತ್ತು ಮಿಲಿಸೆಕೆಂಡಿಗಾಗಿ ಮಾನಿಟರಿಗೆ ದುಡ್ಡು ಸುರಿದವನು ಕೇಬಲಿಗೆ ನಾಲ್ಕು ನೂರು ಉಳಿಸಿ ಮೂವತ್ತು ಮಿಲಿಸೆಕೆಂಡ್ ಕಳೆದುಕೊಳ್ಳುವುದು ಎಂಥ ವ್ಯಾಪಾರ!

ಎಸ್‌ಎಂಪಿಎಸ್ ಅಂತ ಒಂದು ಭಾಗ ಉಂಟು, ಕರೆಂಟನ್ನು ಒಳಗಿನ ಭಾಗಗಳಿಗೆ ಹಂಚುವುದು. ಗಾಜಿನ ಪೆಟ್ಟಿಗೆಯ ಜೊತೆ 'ಫ್ರೀ' ಕೊಡುವ ಎಸ್‌ಎಂಪಿಎಸ್ ಮೇಲೆ 450 ವ್ಯಾಟ್ ಅಂತ ಬರೆದಿರ್ತದೆ, ಬರೆಯಲಿಕ್ಕೆ ಕಾಸು ಬೇಡವಲ್ಲ. ಅದು ಸಾಯುವಾಗ ಒಂಟಿಯಾಗಿ ಸಾಯುವುದಿಲ್ಲ, ಕಾರ್ಡನ್ನೋ ಬೋರ್ಡನ್ನೋ ಜೊತೆಗೆ ಕರೆದುಕೊಂಡು ಹೋಗ್ತದೆ. ಹೆಸರಿರುವ ಕಂಪೆನಿಯ, '80 ಪ್ಲಸ್ ಬ್ರಾಂಝ್' ಗುರುತಿರುವ, 550 ವ್ಯಾಟಿನದ್ದು ತಗೊಳ್ಳಿ. ಹುಡುಗ ಮುಖ ಊದಿಸಿದರೆ ಲೈಟು ಕಡಿಮೆ ಮಾಡಿ ಈ ಭಾಗಕ್ಕೆ ದುಡ್ಡು ಹಾಕಿ. ಹಳ್ಳಿ ಕಡೆ ಮೆಸ್ಕಾಂ ಕರೆಂಟು ಮಳೆಗಾಲದಲ್ಲಿ ಹೋಗಿ ಬಂದು ಮಾಡುವಲ್ಲಿ ಯುಪಿಎಸ್ಸೂ ಬೇಕು. 600 ವಿಎ ಅಂತ ಬರೆದ ಸಣ್ಣ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್ ಮಾತ್ರ. ಕಾರ್ಡಿರುವ ಪಿಸಿಗೆ ಅದು ಕೊನೆಯ ಅಂಚು, 1000 ವಿಎಯದ್ದು ಇರಲಿ. ಮನೆಯ ಇನ್ವರ್ಟರಿಗೇ ಕೊಡುತ್ತೇವೆ ಎಂದರೆ ಅದು ಸೈನ್ ವೇವ್ ಇನ್ವರ್ಟರ್ ಆಗಿರಬೇಕು, ಸ್ವಿಚ್ಚು ಯುಪಿಎಸ್ ಮೋಡಿನಲ್ಲಿರಬೇಕು.

ಇನ್ನು ತೇವ. ಉಳ್ಳಾಲ, ಸೋಮೇಶ್ವರ, ಸುರತ್ಕಲ್ ಕಡೆ ಸಮುದ್ರಕ್ಕೆ ಹತ್ತಿರದ ಮನೆಗಳಲ್ಲಿ ಕಿಟಕಿ ಸರಳು ಹೇಗೆ ತುಕ್ಕು ಹಿಡೀತದೆ ಅಂತ ನೋಡಿದವರಿಗೆ ವಿವರಿಸಬೇಕಾಗಿಲ್ಲ. ಅದೇ ಗಾಳಿ ಪಿಸಿಯ ಒಳಗೂ ಹೋಗ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಗಟ್ಟಲೆ ಮುಚ್ಚಿಡಬೇಡಿ, ದಿನಕ್ಕೆ ಅರ್ಧ ಗಂಟೆಯಾದರೂ ಓಡಿಸಿ, ಅದರ ಬಿಸಿಯೇ ಅದನ್ನು ಒಣಗಿಸ್ತದೆ. ನೆಲದ ಮೇಲೆ ಇಡಬೇಡಿ, ಎರಚಲು ಬರುವ ಕಿಟಕಿ ಬಳಿ ಬೇಡ, ಗಾಜಿನ ಶೋಕೇಸಿನ ಒಳಗೆ ಅಲಂಕಾರಕ್ಕೆ ಇಟ್ಟವರನ್ನೂ ಕಂಡಿದ್ದೇವೆ, ಅದು ಉಸಿರು ಕಟ್ಟಿಸಿದ ಹಾಗೆ. ಮಳೆಗಾಲದಲ್ಲಿ ಪಿಸಿ ಸ್ಟಾರ್ಟ್ ಆಗದೆ ಪರದೆ ಕಪ್ಪಾಗಿದ್ದರೆ ಗಾಬರಿ ಬೇಡ. ಪ್ಲಗ್ ಎಳೆದು, ರ‍್ಯಾಮ್ ಕಡ್ಡಿ ತೆಗೆದು ಅದರ ಹೊಂಬಣ್ಣದ ಅಂಚನ್ನು ಮಕ್ಕಳ ಪೆನ್ಸಿಲಿನ ರಬ್ಬರಿನಿಂದ ಮೆಲ್ಲ ಉಜ್ಜಿ ಪುನಃ ಹಾಕಿದರೆ ಎಷ್ಟೋ ಸಲ ಸರಿಯಾಗ್ತದೆ. ಅಂಗಡಿಯಲ್ಲಿ ಇದೇ ಕೆಲಸಕ್ಕೆ ಐನೂರು ರೂಪಾಯಿ.

ಸೆಕೆಂಡ್ ಹ್ಯಾಂಡ್ ತಗೊಳ್ಳುವುದರಲ್ಲಿ ಅವಮಾನ ಏನಿಲ್ಲ, ಬುದ್ಧಿವಂತಿಕೆ ಉಂಟು. ಮಾನಿಟರ್, ಪೆಟ್ಟಿಗೆ, ಪ್ರೊಸೆಸರ್ ಧೈರ್ಯವಾಗಿ ಹಳತು ತಗೊಳ್ಳಬಹುದು. ಇಂಟೆಲ್‌ನ 13, 14ನೇ ತಲೆಮಾರಿನ ದೊಡ್ಡ ಪ್ರೊಸೆಸರ್‌ಗಳು ಮಾತ್ರ ಹುಷಾರು: ವೋಲ್ಟೇಜಿನ ದೋಷದಿಂದ ಕೆಟ್ಟು ಹೋಗುತ್ತಿದ್ದವು ಅಂತ ಕಂಪೆನಿಯೇ ಒಪ್ಪಿ 2024ರಲ್ಲಿ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಗ್ರಾಫಿಕ್ಸ್ ಕಾರ್ಡ್ ತಗೊಳ್ಳುವಾಗ ಅರ್ಧ ಗಂಟೆ ಎದುರಲ್ಲೇ ಆಟ ಓಡಿಸಿ ನೋಡಿ. 2022ರ ಸೆಪ್ಟೆಂಬರ್‌ವರೆಗೆ ಈಥರ್ ಎಂಬ ಕ್ರಿಪ್ಟೊ ನಾಣ್ಯವನ್ನು ಗ್ರಾಫಿಕ್ಸ್ ಕಾರ್ಡಿನಿಂದ ಗಣಿಗಾರಿಕೆ ಮಾಡುತ್ತಿದ್ದರು, ಹಗಲೂ ರಾತ್ರಿ ದುಡಿದ ಆ ಕಾರ್ಡುಗಳು ಈಗಲೂ ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ಹಿಡಿದು ಎಲ್ಲ ಕಡೆ ಸುತ್ತಾಡುತ್ತಿವೆ. ಇನ್ನೊಂದು ಅಪಾಯ ಹೆಚ್ಚಿನವರಿಗೆ ತಿಳಿದಿಲ್ಲ. ವ್ಯಾಲರಂಟ್‌ನಲ್ಲಿ ಮೋಸ ಮಾಡಿ ಸಿಕ್ಕಿಬಿದ್ದವನ ಖಾತೆಯನ್ನು ಮಾತ್ರ ಅಲ್ಲ, ಅವನ ಕಂಪ್ಯೂಟರಿನ ಭಾಗಗಳನ್ನೂ ಗುರುತಿಸಿ ನಿಷೇಧ ಹಾಕ್ತಾರೆ. ಅಂಥ ಪಿಸಿ ಅಗ್ಗಕ್ಕೆ ಮಾರಾಟಕ್ಕೆ ಬರ್ತದೆ. ನಿಮ್ಮ ಮಗ ಯಾವ ತಪ್ಪೂ ಮಾಡದೆ ಶಿಕ್ಷೆ ಅನುಭವಿಸ್ತಾನೆ. ಮಗನ ಸ್ವಂತ ಖಾತೆಯಿಂದ ಒಂದು ಪಂದ್ಯ ಆಡಿಸಿದ ಮೇಲೆಯೇ ದುಡ್ಡು ಕೊಡಿ. ವಿಂಡೋಸ್ 11ರಲ್ಲಿ ಈ ಆಟಕ್ಕೆ ಟಿಪಿಎಂ 2.0, ಸೆಕ್ಯೂರ್ ಬೂಟ್ ಎರಡೂ ಇರಬೇಕು, ಬಹಳ ಹಳೆಯ ಬೋರ್ಡುಗಳಲ್ಲಿ ಇರುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ದುಬೈಯಿಂದ ಕಾಕ ಬರುವಾಗ ತರಿಸುವುದು ನಮ್ಮಲ್ಲಿ ಮೊದಲಿನಿಂದ ಬಂದ ರೂಢಿ. ಬರ್ ದುಬೈಯ ಖಾಲಿದ್ ಬಿನ್ ಅಲ್ ವಲೀದ್ ರಸ್ತೆಯ ಕಂಪ್ಯೂಟರ್ ಅಂಗಡಿಗಳು ನಮ್ಮವರಿಗೆ ಹಂಪನಕಟ್ಟೆಯಷ್ಟೇ ಪರಿಚಯ. ಬೆಲೆಯಲ್ಲಿ ಲಾಭ ಇರಬಹುದು, ಆದರೆ ಬಿಡಿ ಭಾಗಗಳ ವಾರಂಟಿ ಹೆಚ್ಚಾಗಿ ಕೊಂಡ ದೇಶದಲ್ಲೇ. ಕಾರ್ಡು ಕೆಟ್ಟರೆ ಇನ್ನೊಬ್ಬ ಕಾಕ ರಜೆ ಮುಗಿಸಿ ಹೋಗುವವರೆಗೆ ಕಾಯಬೇಕು. ಲ್ಯಾಪ್‌ಟಾಪ್ ತರಿಸುವುದಾದರೆ ಅಂತಾರಾಷ್ಟ್ರೀಯ ವಾರಂಟಿ ಉಂಟಾ ಅಂತ ಪೆಟ್ಟಿಗೆ ಒಡೆಯುವ ಮೊದಲೇ ನೋಡಲಿ. ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಕಣ್ಕಟ್ಟು ಉಂಟು. ಆರ್‌ಟಿಎಕ್ಸ್ 4060 ಎಂಬ ಒಂದೇ ಹೆಸರಿನ ಕಾರ್ಡು ಒಂದು ಲ್ಯಾಪ್‌ಟಾಪಿನಲ್ಲಿ 35 ವ್ಯಾಟ್, ಇನ್ನೊಂದರಲ್ಲಿ 115 ವ್ಯಾಟ್ ಆಗಿರಬಹುದು. ಹೆಸರು ಒಂದೇ, ಶಕ್ತಿ ಬೇರೆ. ಹುಡುಗ ಇಂಜಿನಿಯರಿಂಗ್ ಹಾಸ್ಟೆಲಿಗೆ ಹೋಗುವವನಾದರೆ ಲ್ಯಾಪ್‌ಟಾಪ್ ಸರಿ, ಮನೆಯಲ್ಲೇ ಇರುವವನಿಗೆ ಡೆಸ್ಕ್‌ಟಾಪೇ ಲೇಸು, ಒಂದು ಭಾಗ ಕೆಟ್ಟರೆ ಒಂದನ್ನೇ ಬದಲಿಸಬಹುದು. ಗಲ್ಫಿನ ಲ್ಯಾಪ್‌ಟಾಪಿನ ಕೀಲಿಗಳಲ್ಲಿ ಅರಬಿ ಅಕ್ಷರ ಇರ್ತದೆ ಅಂತ ಹುಡುಗರು ಗೊಣಗ್ತಾರೆ. ನಮ್ಮಂಥವರಿಗೆ ಅದು ಲಾಭವೇ!

ದುಡ್ಡು ಕೈಯಲ್ಲಿ ಇಲ್ಲದಿದ್ದರೆ 'ನೋ ಕಾಸ್ಟ್ ಇಎಂಐ' ಉಂಟಲ್ಲ ಉಸ್ತಾದ್, ಬಡ್ಡಿ ಇಲ್ಲವಲ್ಲ ಅಂತ ಕೇಳುವವರಿದ್ದಾರೆ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಅಂತ ಹೇಳಿದ್ದು ಯಾವ ಮುಸ್ಲಿಯಾರರೂ ಅಲ್ಲ, ರಿಸರ್ವ್ ಬ್ಯಾಂಕ್. 2013ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕುಗಳಿಗೆ ಕಳಿಸಿದ ಸುತ್ತೋಲೆಯಲ್ಲಿ ಇಂಥ ಯೋಜನೆಗಳ ಒಳಗೆ ಬಡ್ಡಿ ಬೇರೆ ರೂಪದಲ್ಲಿ ಅಡಗಿರ್ತದೆ ಅಂತ ಎಚ್ಚರಿಸಿತ್ತು. ಈಗ ನಡೆಯುತ್ತಿರುವುದು ಹೇಗೆಂದರೆ, ಬ್ಯಾಂಕು ಬಡ್ಡಿ ಹಾಕ್ತದೆ, ಅಷ್ಟನ್ನು ಅಂಗಡಿ ಡಿಸ್ಕೌಂಟ್ ಅಂತ ಕಳೀತದೆ. ಸ್ಟೇಟ್‌ಮೆಂಟ್ ತೆಗೆದು ನೋಡಿ, ಬಡ್ಡಿ ಅಂತಲೇ ಒಂದು ಸಾಲು ಇರ್ತದೆ, ಅದರ ಮೇಲೆ 18 ಶೇಕಡ ಜಿಎಸ್‌ಟಿಯೂ ಬೀಳ್ತದೆ, ಪ್ರೊಸೆಸಿಂಗ್ ಫೀಸ್ ಬೇರೆ. ಆಟದ ಸಾಮಾನಿಗಾಗಿ ರಿಬಾದ ಕಾಗದಕ್ಕೆ ಸಹಿ ಹಾಕುವ ಅಗತ್ಯ ಯಾವ ಮನೆಗೂ ಇಲ್ಲ. 5600ಜಿಯಿಂದ ಶುರು ಮಾಡಿ ಭಾಗ ಭಾಗವಾಗಿ ಬೆಳೆಸುವ ದಾರಿಯನ್ನು ಮೇಲೆ ಹೇಳಿದ್ದು ಇದಕ್ಕೇ.

ಹುಡುಗರು ರಿಯಾದ್‌ನ ಇಸ್ಪೋರ್ಟ್ಸ್ ವರ್ಲ್ಡ್ ಕಪ್ ತೋರಿಸಿ ವಾದ ಮಾಡ್ತಾರೆ. 2024ರಲ್ಲಿ ಶುರುವಾದ ಅದರ ಬಹುಮಾನದ ಮೊತ್ತ 2025ರಲ್ಲಿ 7 ಕೋಟಿ ಡಾಲರ್ ದಾಟಿತ್ತು ಎಂಬುದು ನಿಜ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 2023ರಲ್ಲಿ ಇಸ್ಪೋರ್ಟ್ಸ್‌ಗೆ ಪದಕವೂ ಇತ್ತು, ಭಾರತದವರೂ ಹೋಗಿದ್ದರು. ಸರಿ, ಒಪ್ಪೋಣ. ಆದರೆ ಊರಿನ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಬರುವ ಟೂರ್ನಮೆಂಟ್ ಅಂದರೆ ತಲೆಗೆ ನೂರು ರೂಪಾಯಿ ಹಾಕಿ ಆ ದುಡ್ಡನ್ನೇ ಗೆದ್ದವನಿಗೆ ಕೊಡುವುದು. ಅದು ಖಿಮಾರ್, ಜೂಜು. ಚೆಂಡಾಟಕ್ಕಾದರೂ ಸರಿ, ವ್ಯಾಲರಂಟ್‌ಗಾದರೂ ಸರಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾನೂನು ಕೂಡ ಹಣ ಪಣಕ್ಕಿಡುವ ಆಟಗಳನ್ನು ನಿಷೇಧಿಸಿ ಇಸ್ಪೋರ್ಟ್ಸ್ ಅನ್ನು ಬೇರೆಯಾಗಿ ಗುರುತಿಸಿದೆ. ಪ್ರಾಯೋಜಕರು ಬಹುಮಾನ ಕೊಡುವ ಪಂದ್ಯಗಳ ವಿಷಯವನ್ನು ನಿಮ್ಮ ಖತೀಬರ ಬಳಿ ಕೇಳಿ, ಪಂದ್ಯದ ನಿಯಮದ ಕಾಗದವನ್ನೂ ತಗೊಂಡು ಹೋಗಿ. ಕೌಂಟರ್ ಸ್ಟ್ರೈಕಿನ ಒಳಗೆ 'ಕೇಸ್' ಅಂತ ಪೆಟ್ಟಿಗೆ ಬರ್ತದೆ, ಕೀಲಿಗೆ ದುಡ್ಡು ಕೊಟ್ಟು ತೆರೆದರೆ ಅದೃಷ್ಟ ಇದ್ದಷ್ಟು ಸಾಮಾನು. ಎಟಿಎಂ ಕಾರ್ಡಿನ ನಂಬರನ್ನು ಆ ಖಾತೆಗೆ ಸೇರಿಸಿ ಕೊಡಬೇಡಿ.

ಪಿಸಿಯನ್ನು ಎಲ್ಲಿ ಇಡುವುದು ಎಂಬುದರಲ್ಲಿ ನಮಗೆ ಚರ್ಚೆಯೇ ಇಲ್ಲ, ಹಾಲಿನಲ್ಲಿ. ನಮಾಝಿನ ಹೊತ್ತಿಗೆ "ಉಸ್ತಾದ್, ಮಧ್ಯದಲ್ಲಿ ಬಿಡ್ಲಿಕ್ಕೆ ಆಗುದಿಲ್ಲ" ಅಂತ ಹುಡುಗರು ಹೇಳುವುದು ಪೂರ್ತಿ ನೆಪ ಅಲ್ಲ. ಮಧ್ಯೆ ಬಿಟ್ಟರೆ ದಂಡ ಬೀಳ್ತದೆ, ಜೊತೆಯ ನಾಲ್ವರಿಗೂ ನಷ್ಟ. ಆದ್ದರಿಂದ ತಾಯಂದಿರು ಆಟದ ಲೆಕ್ಕ ತಿಳಿದಿರಬೇಕು. 13 ಸುತ್ತು ಮೊದಲು ಗೆದ್ದವರದ್ದು ಪಂದ್ಯ. ಎರಡೂ ಕಡೆ ಸಮಬಲ ಇದ್ದರೆ 24 ಸುತ್ತಿನವರೆಗೆ, ಅಂದರೆ 40 ನಿಮಿಷದಷ್ಟು ಹೋಗ್ತದೆ, ಟೈ ಆದರೆ ಇನ್ನೂ ಹೆಚ್ಚು. ಮಗ್ರಿಬ್‌ಗೆ ಮುಕ್ಕಾಲು ಗಂಟೆಯ ಒಳಗೆ ಹೊಸ ಪಂದ್ಯ ಶುರು ಮಾಡಬಾರದು. ಮಗ್ರಿಬ್ ಮತ್ತು ಇಶಾದ ನಡುವೆ ಸಿಗುವುದು ಒಂದು ಗಂಟೆ ಹತ್ತು ನಿಮಿಷದ ಆಸುಪಾಸು, ಅದರಲ್ಲಿ ಒಂದು ಪಂದ್ಯ ಹಿಡೀತದೆ, ಎರಡು ಹಿಡಿಯುವುದಿಲ್ಲ. ಇಷ್ಟು ಲೆಕ್ಕ ಹೇಳಿ ಮಾತಾಡಿದರೆ ಹುಡುಗರು ಕೇಳ್ತಾರೆ, ಇವರಿಗೆ ಆಟ ಗೊತ್ತುಂಟು ಅಂತ ಅವರಿಗೆ ಅರ್ಥವಾಗ್ತದೆ.

ಪಿಸಿ ಮನೆಗೆ ಬಂದ ದಿನ ಮೂರು ಸಂಗತಿ ಹುಡುಗನ ಪಕ್ಕದಲ್ಲಿ ನಿಂತು ನೋಡಿ. ಮಾನಿಟರಿನ ಕೇಬಲ್ ಮದರ್‌ಬೋರ್ಡಿನ ತೂತಿಗೆ ಅಲ್ಲ, ಗ್ರಾಫಿಕ್ಸ್ ಕಾರ್ಡಿನ ತೂತಿಗೆ ಹೋಗಿರಬೇಕು (ಕಾರ್ಡ್ ಇದ್ದರೆ). ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 60 ಅಂತ ಇರುವುದನ್ನು 144ಕ್ಕೆ ಬದಲಿಸಬೇಕು. ಅದು ತಾನಾಗಿ ಬದಲಾಗುವುದಿಲ್ಲ, ಒಂದು ವರ್ಷ 144ರ ಮಾನಿಟರಿನಲ್ಲಿ 60ರಲ್ಲೇ ಆಡಿದವರು ನಮ್ಮ ಊರಿನಲ್ಲೇ ಇದ್ದಾರೆ. ಬಯೋಸಿನಲ್ಲಿ ರ‍್ಯಾಮಿನ ಎಕ್ಸ್‌ಎಂಪಿ ಆನ್ ಮಾಡಿಸಬೇಕು, ಇಲ್ಲದಿದ್ದರೆ ದುಡ್ಡು ಕೊಟ್ಟ ವೇಗ ಸಿಗುವುದಿಲ್ಲ. ಬಿಲ್ಲು ಒಂದೇ ಸಾಲಿನಲ್ಲಿ 'ಗೇಮಿಂಗ್ ಪಿಸಿ' ಅಂತ ಬರೆದಿದ್ದರೆ ವಾಪಸ್ ಕೊಡಿ. ಪ್ರತಿ ಭಾಗದ ಹೆಸರು, ಸೀರಿಯಲ್ ನಂಬರ್, ಜಿಎಸ್‌ಟಿ ಬೇರೆ ಬೇರೆಯಾಗಿ ಇರಬೇಕು. ಭಾಗಗಳ ಖಾಲಿ ಪೆಟ್ಟಿಗೆಗಳನ್ನು ಮೂರು ವರ್ಷ ಅಟ್ಟದ ಮೇಲೆ ಇಡಿ, ಉಮ್ಮ ಒಲೆಗೆ ಹಾಕದಂತೆ ನೋಡಿಕೊಳ್ಳಿ. ಮುಂದೆ ಮಾರುವಾಗ ಪೆಟ್ಟಿಗೆ, ಬಿಲ್ಲು ಇರುವ ಕಾರ್ಡಿಗೂ ಇಲ್ಲದ ಕಾರ್ಡಿಗೂ ಬೆಲೆಯಲ್ಲಿ ವ್ಯತ್ಯಾಸ ಉಂಟು.